ಹುಣಸೆ ದಿಮ್ಮಿಯೊಳಗಿನ ಮೊಳೆ

ಕರೆಂಟು ಹೋದರೆ ಚನ್ನಯ್ಯನ ಕೆಲಸ ಶುರು. ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯ ಮಗ್ಗುಲಿನ ಆ ಮರದ ಮಿಲ್ಲಿನಲ್ಲಿ ಉಳಿದವರೆಲ್ಲ ಕರೆಂಟು ಬರಲಿ ಎಂದು ಕಾಯುತ್ತಿದ್ದರೆ, ಅವನೊಬ್ಬ ಅದು ಹೋಗಲಿ ಎಂದು ಕಾಯುತ್ತಿದ್ದ. ಮೋಟಾರು ನಿಂತು, ಗರಗಸದ ಪಟ್ಟಿ ಸುಮ್ಮನಾಗಿ, ಮರದ ಹೊಟ್ಟು ಬಿಸಿಲಿನ ಕೋಲಿನೊಳಗೆ ಮೆಲ್ಲಗೆ ಕೆಳಗಿಳಿಯತೊಡಗಿದಾಗ ಅವನು ಮೂಲೆಯ ಗೂಟದಿಂದ ಲೋಹ ಹುಡುಕುವ ಮಷೀನನ್ನು ಇಳಿಸಿಕೊಳ್ಳುತ್ತಿದ್ದ. ಅದಕ್ಕೂ ಮೊದಲು ಮೊಬೈಲು, ಬೀಗದ ಕೈ, ಉಡಿದಾರದ ತಾಯಿತ ಎಲ್ಲವನ್ನೂ ಬಿಚ್ಚಿ ಕಿಟಕಿಯ ಮೇಲಿಡುತ್ತಿದ್ದ.

"ಮದುವೆಗಂಡು ಎಣ್ಣೆನೀರಿಗೆ ಹೊಂಟಂಗೆ ಕಾಣ್ತೀಯ ಕಣ್ಲಾ," ಎಂದು ಮಿಲ್ಲಿನ ಒಡೆಯ ಅಕ್ರಮ್ ಪ್ರತಿಸಲವೂ ಹೇಳುವನು. ಪ್ರತಿಸಲವೂ ಹೊಸದಾಗಿ ಹೇಳಿದಂತೆ ತಾನೇ ನಗುವನು.

ರಸ್ತೆಬದಿಯ ಮರಗಳ ಹೊಟ್ಟೆಯಲ್ಲಿ ಏನೇನೋ ಇರುತ್ತದೆ. ಟ್ಯೂಷನ್ ಬೋರ್ಡಿನ ಮೊಳೆ, ಬಟ್ಟೆ ಒಣಹಾಕಿದ ತಂತಿ, ಎಮ್ಮೆ ಕಟ್ಟಿದ ಕೊಕ್ಕೆ. ಮರ ದಪ್ಪವಾಗುತ್ತಾ ಎಲ್ಲವನ್ನೂ ಒಳಗೆಳೆದುಕೊಂಡು ಮೇಲೆ ತೊಗಟೆ ಮುಚ್ಚಿಬಿಡುತ್ತದೆ. ಓಡುವ ಗರಗಸಕ್ಕೆ ಅದು ಸಿಕ್ಕರೆ ಹಲ್ಲು ಮುರಿದು ಹಾರುತ್ತದೆ. ಅಕ್ರಮನ ಎಡಹುಬ್ಬನ್ನು ಸೀಳಿದ ಗಾಯದ ಗುರುತು ಅಂಥದ್ದೇ ಒಂದು ಹಲ್ಲಿನದು. ಅದಾದ ಮೇಲೆ ಅವನು ಮಾಗಡಿ ಕಡೆಯ ಒಬ್ಬನಿಂದ ಈ ಮಷೀನನ್ನು ತಂದ. ನಿಧಿ ಹುಡುಕಲೆಂದು ಕೊಂಡಿದ್ದ ಆತನಿಗೆ ಬೆಟ್ಟದ ಬುಡದಲ್ಲೆಲ್ಲ ಸಿಕ್ಕಿದ್ದು ಎತ್ತಿನ ಲಾಳಗಳು ಮಾತ್ರ. ಬೇಸತ್ತು ಒಂದು ಉಯ್ಯಾಲೆ ಹಲಗೆಗೆ ಬದಲಾಗಿ ಕೊಟ್ಟುಬಿಟ್ಟಿದ್ದ.

ಮೊದಮೊದಲು ಚನ್ನಯ್ಯ ಮಷೀನಿನ ಎಲ್ಲ ಗುಂಡಿಗಳನ್ನೂ ಪೂರ್ತಿ ತಿರುಗಿಸಿಟ್ಟಿದ್ದ. ಜಾಸ್ತಿ ತಿರುಗಿಸಿದಷ್ಟೂ ಜಾಸ್ತಿ ಆಳ ಕೇಳುತ್ತದೆ ಎಂಬುದು ಅವನ ಲೆಕ್ಕ. ಮಷೀನು ಹಸಿ ಮರಕ್ಕೂ ಕೂಗಿತು, ತಲೆಯ ಮೇಲಿನ ಕರೆಂಟು ಲೈನಿಗೂ ಕೂಗಿತು. ದಿಮ್ಮಿಯನ್ನು ನೆಲದ ಕಬ್ಬಿಣದ ಪುಡಿಯಿಂದ ದೂರವಿಡಲು ಲಾರಿ ಟೈರುಗಳ ಮೇಲಿಟ್ಟು ನೋಡಿದ. ಇನ್ನೂ ಜೋರಾಗಿ ಕೂಗಿತು. ಟೈರಿನ ಒಳಗೇ ತಂತಿ ಹೆಣೆದಿರುತ್ತಾರೆಂದು ತಿಳಿಯಲು ಒಂದು ಟೈರನ್ನು ಕೊಯ್ಯಬೇಕಾಯಿತು. ಆಮೇಲೆ ತೆಂಗಿನ ಕೊರಡುಗಳನ್ನು ಹಾಸಿದ.

ಅವನಿಗೆ ದಾರಿ ತೋರಿದ್ದು ಹಳೆಯ ಒಂದು ಅಭ್ಯಾಸ. ಚನ್ನಯ್ಯನದು ಕುರಿ ಸಾಕುವ ಮನೆ. ಸಂಜೆ ಮಂದೆಯಲ್ಲಿ ಒಂದು ಕುರಿ ಕಡಿಮೆಯಾದರೆ ಅವನಪ್ಪ ಹುಡುಕಿಕೊಂಡು ಓಡುತ್ತಿರಲಿಲ್ಲ. ಮೊದಲು ಇರುವ ಕುರಿಗಳನ್ನು ಮಲಗಿಸುತ್ತಿದ್ದ. ಹತ್ತಿರದ ಗಂಟೆಗಳೆಲ್ಲ ಅಡಗಿದ ಮೇಲೆ, ಎಲ್ಲೋ ಹಳ್ಳದಾಚೆ, ಇದೆಯೋ ಇಲ್ಲವೋ ಎನ್ನುವಂತೆ ಒಂದು ಗಂಟೆ ಕೇಳುತ್ತಿತ್ತು. ಮಷೀನಿನ ಗುಂಡಿಯನ್ನು ಹಿಂದಕ್ಕೆ ತಿರುಗಿಸುವ ಧೈರ್ಯ ಚನ್ನಯ್ಯನಿಗೆ ಬಂದದ್ದು ಅದು ನೆನಪಾದ ದಿನ. ಗದ್ದಲ ಇಳಿಯಿತು. ಗೇಣಿನಾಳದ ಮೊಳೆಯೂ ಕೇಳಿಸಿತು.

ಮುಂಗಾರಿನ ಮೊದಲ ಗಾಳಿಗೆ ಅಲ್ಲಲ್ಲಿ ಮರ ಉರುಳಿದ ವಾರ, ಸಾತನೂರಿನ ಲಕ್ಷ್ಮಿದೇವಮ್ಮ ಟ್ರ್ಯಾಕ್ಟರಿನಲ್ಲಿ ಒಂದು ಹುಣಸೆಮರವನ್ನು ಹೇರಿಸಿಕೊಂಡು ಬಂದಳು. ಬುಡಸಮೇತ ಕಿತ್ತು ಕೊಟ್ಟಿಗೆಯ ಮೇಲೆ ಬಿದ್ದಿದ್ದ ಮರ. ಅದರಲ್ಲೇ ಕೊಟ್ಟಿಗೆಗೆ ತೊಲೆ ಆಗಬೇಕಿತ್ತು. ಬುಡದ ದಿಮ್ಮಿ ಒಂದು, ಮೇಲಿನದು ಒಂದು. ಜೊತೆಗೆ ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಮಗಳು ದಿವ್ಯ, ದಿವ್ಯಳ ನಾಲ್ಕು ವರ್ಷದ ಮಗಳು ಮಾನ್ಯ.

"ಇದ್ರೊಳಗೆ ಒಂದು ಮೊಳೆ ಐತೆ," ಎಂದಳು ಲಕ್ಷ್ಮಿದೇವಮ್ಮ. "ಅದಕ್ಕೆ ಗರಗಸ ತಾಕ್‌ಬಾರ್ದು. ಕೀಳಲೂಬಾರ್ದು."

"ಮೊಳೆ ಇರೋ ಮರ ದಿನಾ ಬತ್ತವೆ ತಾಯಿ," ಎಂದ ಅಕ್ರಮ್. "ಕೀಳ್‌ಬಾರದ ಮೊಳೆ ಇದೇ ಮೊದ್ಲು."

ಅವಳು ಹೇಳಿದಳು. ದಿವ್ಯ ಮಾನ್ಯಳಷ್ಟಿದ್ದಾಗ ಅವಳಿಗೆ ಫಿಟ್ಸ್ ಬರುತ್ತಿತ್ತು. ಬೆಟ್ಟದ ಕಡೆಯ ಒಬ್ಬ ಮುದುಕ ಮಗುವನ್ನು ಹುಣಸೆಮರಕ್ಕೆ ಒರಗಿಸಿ ನಿಲ್ಲಿಸಿ, ಸರಿಯಾಗಿ ಅವಳ ನೆತ್ತಿಯ ಮಟ್ಟಕ್ಕೆ ಮೊಳೆ ಹೊಡೆದ. ಮೊಳೆ ಇರುವ ತನಕ ಕಾಯಿಲೆ ಅಲ್ಲೇ ಇರುತ್ತದೆ, ಮಗುವಿನ ತಂಟೆಗೆ ಬರುವುದಿಲ್ಲ ಎಂದ. ಬರಲೂ ಇಲ್ಲ.

"ಮಾತ್ರೆನೂ ನುಂಗಿದ್ದೆ ಕಣವ್ವ," ಎಂದಳು ದಿವ್ಯ, ಟ್ರ್ಯಾಕ್ಟರಿನ ಕಡೆ ನೋಡುತ್ತಾ. "ವರ್ಷಗಟ್ಲೆ."

"ನುಂಗ್ದೆ. ನಾನೇ ನುಂಗಿಸ್ದೆ. ಮಾತ್ರೆನೂ ಇರ್ಲಿ, ಮೊಳೆನೂ ಇರ್ಲಿ ಅಂತಿದ್ದೆ. ಈಗ ಮರ ಬಿದ್ದೋಯ್ತಲ್ಲ." ಅವಳ ಕಣ್ಣು ಹೊಟ್ಟಿನ ರಾಶಿ ಹತ್ತುತ್ತಿದ್ದ ಮೊಮ್ಮಗಳ ಮೇಲಿತ್ತು. "ಇವಳಿಗೂ ಈಗ ಅದೇ ವಯಸ್ಸು."

ಯಾರೂ ನಗಲಿಲ್ಲ. ಮೊಳೆ ಎಲ್ಲಿರಬಹುದು ಎಂದು ಚನ್ನಯ್ಯ ಕೇಳಿದ.

"ಮ್ಯಾಲಿನ ದಿಮ್ಮೀಲಿ ನೋಡಪ್ಪ. ಆಗ ಮರ ಎಳೇದು. ಇಷ್ಟೆತ್ತರ ಬೆಳೀತಲ್ಲ, ಮೊಳೆನೂ ಮ್ಯಾಲಕ್ಕೆ ಹೋಗಿರ್ತದೆ. ದಿವ್ಯನೇ ಎಷ್ಟುದ್ದ ಆಗವ್ಳೆ ನೋಡು."

ಎಲ್ಲರಿಗೂ ಅದು ಸರಿ ಎನ್ನಿಸಿತು. ಚನ್ನಯ್ಯನೂ ತಲೆಯಾಡಿಸಿದ. ಕರೆಂಟು ಹೋದೊಡನೆ ಮೇಲಿನ ದಿಮ್ಮಿಯನ್ನು ಕೊರಡಿನ ಮೇಲೆ ಉರುಳಿಸಿ ಉರುಳಿಸಿ ಇಂಚಿಂಚು ಕೇಳಿದ. ಏನೂ ಇರಲಿಲ್ಲ. ಬುಡದ ದಿಮ್ಮಿಯ ಮೇಲೆ ಹಾಗೊಮ್ಮೆ ಹೀಗೊಮ್ಮೆ ಮಷೀನು ಆಡಿಸಿ, ಸರಿ ಎಂದುಬಿಟ್ಟ. ಆಳುಗಳು ಅದನ್ನು ಗರಗಸದ ಟ್ರಾಲಿಗೆ ಹತ್ತಿಸಿದರು. ಎಲ್ಲರೂ ಟೀ ಕುಡಿಯುತ್ತಾ ಕರೆಂಟಿಗೆ ಕಾದು ಕುಳಿತರು.

ಲಕ್ಷ್ಮಿದೇವಮ್ಮ ಟೀ ಮುಟ್ಟಲಿಲ್ಲ. "ಸಿಕ್ಕಲಿಲ್ಲ ಅಂದ್ರೆ ಮರನೇ ಅದನ್ನ ಉಗುಳಿಬುಡ್ತೋ ಏನೋ," ಎಂದು ತನಗೇ ಹೇಳಿಕೊಂಡಳು.

ಚನ್ನಯ್ಯ ಟೀ ಲೋಟ ಇಡಲು ಕಿಟಕಿಯ ಕಡೆ ಹೋದ. ತಾಯಿತದ ಪಕ್ಕದಲ್ಲೇ ಇದುವರೆಗೆ ಕಿತ್ತ ಮೊಳೆಗಳ ತಗಡಿನ ಡಬ್ಬಿ ಇತ್ತು. ಕೈ ಸುಮ್ಮನೆ ಅದರೊಳಗೆ ಆಡಿತು. ತುಕ್ಕು ಹಿಡಿದ ದಪ್ಪತಲೆಯ ಒಂದು ಮೊಳೆ ಬೆರಳಿಗೆ ಬಂತು: ಕೆಂಗಲ್ ಕಡೆಯ ಮುದಿ ಆಲದ್ದು, ಅವನು ಹುಟ್ಟುವುದಕ್ಕೂ ಮೊದಲಿನದು. ಅದು ಸಿಕ್ಕಿದ್ದು ಎಲ್ಲಿ? ಬುಡದಿಂದ ಎದೆಮಟ್ಟದಲ್ಲಿ. ಇನ್ನೊಂದು? ಅದೂ ಎದೆಮಟ್ಟ. ಹಳೆಯದಾಗಲಿ ಹೊಸದಾಗಲಿ, ಮನುಷ್ಯ ನಿಂತು ಸುತ್ತಿಗೆ ಬೀಸುವ ಎತ್ತರದಲ್ಲೇ ಎಲ್ಲವೂ ಸಿಕ್ಕಿದ್ದವು. ಒಂದಾದರೂ ಮೇಲಕ್ಕೆ ಹೋಗಿರಲಿಲ್ಲ. ಮರ ಬೆಳೆಯುವುದು ತುದಿಯಲ್ಲಿ. ಮೊಳೆ ಹೊಡೆದ ಜಾಗ ಹೊಡೆದಲ್ಲೇ ನಿಂತಿರುತ್ತದೆ.

ಅವನು ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ.

"ಅಕ್ರಮಣ್ಣ, ಆ ದಿಮ್ಮಿ ಇಳಿಸ್ಬೇಕು."

"ಏನ್ಲಾ? ಈಗ್ತಾನೆ ಹತ್ಸಿದ್ದು. ಕರೆಂಟು ಬರೋ ಹೊತ್ತು."

"ಟ್ರಾಲಿ ಕಬ್ಬಿಣದ್ದು. ಅದರ ಮ್ಯಾಲೆ ಮಷೀನಿಗೆ ಬೇರೇನೂ ಕೇಳಲ್ಲ."

"ಆಗ್ಲೇ ನೋಡಿದ್ಯಲ್ಲ."

"ನೋಡ್ಲಿಲ್ಲ. ಸುಮ್ನೆ ಕೈಯಾಡಿಸ್ದೆ."

ಅಕ್ರಮ್ ಅವನನ್ನೇ ಒಂದು ಕ್ಷಣ ನೋಡಿದ. ಬೆರಳು ಅದಾಗಿಯೇ ಹುಬ್ಬಿನ ಗುರುತಿಗೆ ಹೋಯಿತು. "ಇಳಿಸ್ರಪ್ಪ," ಎಂದ ಆಳುಗಳಿಗೆ. "ಇವನ ಹೆಸರಲ್ಲಿ ಎಷ್ಟು ಬೇಕೋ ಅಷ್ಟು ಬೈಕೊಂಡು ಇಳಿಸ್ರಿ."

ಅವರು ಒಂದಿಷ್ಟೂ ಉಳಿಸದೆ ಬೈದುಕೊಂಡು ಇಳಿಸಿದರು.

ದಿಮ್ಮಿ ಕೊರಡಿನ ಮೇಲೆ ಕೂತಿತು. "ಆಗ ನಿಮ್ಮ ಮಗಳು ಎಷ್ಟೆತ್ತರ ಇದ್ಲಕ್ಕ?" ಎಂದು ಚನ್ನಯ್ಯ ಕೇಳಿದ. ಲಕ್ಷ್ಮಿದೇವಮ್ಮ ಸೊಂಟದ ಬಳಿ ಕೈ ಹಿಡಿದಳು, ಒಸಿ ಮೇಲೆ ಮಾಡಿದಳು, ಮತ್ತೆ ಕೆಳಗೆ ಮಾಡಿದಳು. ಅವಳಿಗೇ ನಂಬಿಕೆ ಬರಲಿಲ್ಲ. ಆಗ ದಿವ್ಯಳೇ ಮಗಳನ್ನು ಎತ್ತಿ ತಂದು, ದಿಮ್ಮಿಯ ಪಕ್ಕದ ಹೊಟ್ಟಿನ ಮೇಲೆ, ಕಾಲು ಬೇರಿನ ಕಡೆ ಬರುವಂತೆ ಮಲಗಿಸಿದಳು.

"ಅಜ್ಜಿ, ಬೆನ್ನು ಕಡೀತದೆ," ಎಂದಿತು ಮಗು.

"ಒಸಿ ಇರು ಕಂದ."

ನೆತ್ತಿಯ ಜಾಗಕ್ಕೆ ಚನ್ನಯ್ಯ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಮಗುವನ್ನು ಎಬ್ಬಿಸಿ ಎಲ್ಲರನ್ನೂ ದೂರ ಕಳಿಸಿ, ಹೆಡ್‌ಫೋನ್ ಹಾಕಿಕೊಂಡ.

ಮಳೆ ಕುಡಿದ ಮರ. ಮಷೀನು ಹಚ್ಚಿದೊಡನೆ ಗುನುಗು ಏರಿತು, ಇಳಿಯಿತು. ಅವನು ಗೆರೆಯಿಂದ ದೂರದ ಜಾಗದಲ್ಲಿ ಮಷೀನಿನ ತುದಿಯ ತಟ್ಟೆಯನ್ನು ಮರದ ಹತ್ತಿರ ತರುತ್ತಾ, ದೂರ ಒಯ್ಯುತ್ತಾ, ಹತ್ತಿರವಾದರೂ ದೂರವಾದರೂ ಗುನುಗು ಒಂದೇ ಸಮ ಇರುವ ತನಕ ನೆಲದ ಸದ್ದು ಅಡಗಿಸುವ ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದ. ಈಗ ಹಸಿಮರದ ಸದ್ದು ಲೆಕ್ಕಕ್ಕಿಲ್ಲ. ಆಮೇಲೆ ಕಿವಿ ಚುರುಕು ಮಾಡುವ ಗುಂಡಿ. ಮಷೀನು ಚಟಪಟ ಎನ್ನುವ ತನಕ ಏರಿಸಿದ, ಚಟಪಟ ನಿಲ್ಲುವ ತನಕ ಇಳಿಸಿದ, ಇನ್ನೂ ಒಂದು ಗೆರೆ ಇಳಿಸಿದ. ಒಂದೇ ಒಂದು ಸೊಳ್ಳೆಯಂತೆ ಸಣ್ಣ ಗುಂಯ್ ಉಳಿಯಿತು.

ಗೆರೆಯ ಬಳಿ, ಅಗಲವಾದ ಬಾಳೆಎಲೆ ಒರೆಸುವವನಂತೆ ನಿಧಾನವಾಗಿ ತಟ್ಟೆ ಆಡಿಸಿದ. ಏನಿಲ್ಲ. ದಿಮ್ಮಿ ಉರುಳಿಸಿದರು. ಏನಿಲ್ಲ. ಲಕ್ಷ್ಮಿದೇವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಇನ್ನೊಮ್ಮೆ ಉರುಳಿಸಿದರು. ತಟ್ಟೆ ಗೆರೆ ದಾಟುವಾಗ ಗುಂಯ್ ಸ್ವಲ್ಪ ದಪ್ಪವಾಯಿತು. ಅಷ್ಟೇ. ಗಾಳಿ ತಿರುಗಿದಾಗ ಹಳ್ಳದಾಚೆಯ ಗಂಟೆ ಕೇಳಿಸುವಷ್ಟು. ಅವನು ಉಸಿರು ಹಿಡಿದು ಅಡ್ಡಲಾಗಿ ಆಡಿಸಿದ. ಅಲ್ಲೇ. ಉದ್ದಕ್ಕೆ. ಅಲ್ಲೇ. ಸುಣ್ಣದಲ್ಲಿ ದುಂಡಗೆ ಗುರುತು ಹಾಕುತ್ತಿದ್ದಂತೆ ಬಲ್ಬು ಹತ್ತಿಕೊಂಡಿತು. ಹೆಡ್‌ಫೋನಿನಲ್ಲಿ ಗದ್ದಲ ಎದ್ದಿತು.

"ಐತೆ," ಎಂದ, ಹೆಡ್‌ಫೋನ್ ತೆಗೆಯುತ್ತಾ. "ಬಲು ಒಳಗೈತೆ."

ಅಕ್ರಮ್ ಗುರುತಿನ ಆಚೆ ಒಂದು ಮೊಳ, ಈಚೆ ಒಂದು ಮೊಳ ಬಿಟ್ಟು ಚೈನ್ ಗರಗಸದಲ್ಲಿ ತಾನೇ ಅಡ್ಡ ಕೊಯ್ದ. ನಡುವಿನ ತುಂಡನ್ನು ಅಂಗಳದಾಚೆ ಹೊಂಗೆಯ ನೆರಳಿಗೆ ಉರುಳಿಸಿದರು. ಉಳಿದದ್ದು ಟ್ರಾಲಿ ಹತ್ತಿ, ತಕರಾರಿಲ್ಲದೆ ತೊಲೆಯಾಯಿತು.

"ಒಳಗಿರೋದು ಅದೇ ಮೊಳೆನಾ? ಯಾರೋ ಹೊಡ್ದ ಕೊಕ್ಕೆನೋ ಏನೋ," ಎಂದಳು ದಿವ್ಯ. ತಾಯಿಗೆ ಕೇಳಿಸದಷ್ಟು ಸಣ್ಣದಾಗಿ.

"ಒಡೆದು ನೋಡಿದ್ರೆ ಗೊತ್ತಾಗ್ತದೆ," ಎಂದ ಚನ್ನಯ್ಯ. "ಈ ಮಷೀನು ಕಬ್ಬಿಣ ಐತೆ ಅಂತದೆ. ಅಷ್ಟೇ ಅನ್ನೋದು."

ಅವಳು ಒಡೆಯಿರಿ ಎನ್ನಲಿಲ್ಲ.

ತೊಲೆಗಳನ್ನು ಟ್ರ್ಯಾಕ್ಟರಿಗೆ ಹೇರಿ ಆಗುವಷ್ಟರಲ್ಲಿ ಕರೆಂಟು ಮತ್ತೆ ಹೋಯಿತು. ಲಕ್ಷ್ಮಿದೇವಮ್ಮ ಹುಣಸೆತುಂಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. "ನಂಗೊಂದ್ಸಲ ಕೇಳಿಸ್ತೀಯೇನಪ್ಪ?" ಎಂದಳು.

ಚನ್ನಯ್ಯ ಹೆಡ್‌ಫೋನನ್ನು ಅವಳ ಕಿವಿಗಿಟ್ಟು, ತಟ್ಟೆಯನ್ನು ತುಂಡಿನ ಮೇಲೆ ಮೆಲ್ಲಗೆ ಆಡಿಸಿದ. ಅವಳು ಕಣ್ಣು ಮುಚ್ಚಿದಳು. ಮೊದಲು ಏನೂ ಕೇಳಿಸಲಿಲ್ಲವೆಂದು ತಲೆಯಾಡಿಸಿದಳು. ಇನ್ನೊಮ್ಮೆ. ಆಮೇಲೆ ಅವಳ ಕೈ ಸೆರಗನ್ನು ಬಿಟ್ಟಿತು.

ಹೆಡ್‌ಫೋನನ್ನು ತೆಗೆದು ಮಗಳಿಗೆ ಕೊಟ್ಟಳು. ದಿವ್ಯ ಬೇಡವೆನ್ನಲು ಬಾಯಿ ತೆರೆದವಳು, ಹಾಕಿಕೊಂಡಳು. ಬಹಳ ಹೊತ್ತು ಕೇಳಿದಳು. ಕೇಳುತ್ತಲೇ, ಕಾಲಿಗೆ ಒರಗಿ ನಿಂತಿದ್ದ ಮಾನ್ಯಳ ನೆತ್ತಿಯ ಮೇಲಿನ ಮರದ ಹೊಟ್ಟನ್ನು ಕೈಯಿಂದ ಒರೆಸಿದಳು. ಒರೆಸಿದ ಮೇಲೂ ಕೈ ಅಲ್ಲೇ ಇತ್ತು.

ಟ್ರ್ಯಾಕ್ಟರು ರಸ್ತೆಗೆ ಇಳಿಯಿತು. ತೊಲೆಗಳ ಮೇಲೆ ಗೋಣಿ ಸುತ್ತಿದ ಹುಣಸೆತುಂಡು ಕೂತಿತ್ತು. ಅದು ಕಣ್ಮರೆಯಾದ ಮೇಲೆ ಚನ್ನಯ್ಯ ಮಷೀನನ್ನು ಗೂಟಕ್ಕೆ ತಗುಲಿಸಿದ. ಕಿಟಕಿಯ ಮೇಲಿಂದ ಬೀಗದ ಕೈ, ಮೊಬೈಲು ತೆಗೆದುಕೊಂಡ. ಕೊನೆಗೆ ತಾಯಿತವನ್ನು ಎತ್ತಿ, ಅದರ ಮೇಲಿನ ಧೂಳು ಊದಿ, ಉಡಿದಾರಕ್ಕೆ ಬಿಗಿಯಾಗಿ ಕಟ್ಟಿಕೊಂಡ.