ಕೆಳಗಿನ ಓಣಿ ಒಂದೇ ಮುದ್ರೆ ಒತ್ತಿದ ವರ್ಷ

ಆ ದಿನಗಳಲ್ಲಿ ಕಾರಟಗಿ ಕಡೆಯ ನಮ್ಮೂರಿಗೆ ಪಂಚಾಯಿತಿ ಚುನಾವಣೆ ಬಂತೆಂದರೆ ಮಕ್ಕಳಿಗೆ ಸಂಜೆಯ ಹಸಿವು ಗೊತ್ತಾಗುತ್ತಿರಲಿಲ್ಲ. ಯಾರದಾದರೂ ಕಟ್ಟೆಯ ಮೇಲೆ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಹಂಚುತ್ತಿದ್ದರು. ಕಾದ ಎಣ್ಣೆಯ ವಾಸನೆ ಗಿರಣಿಯ ತೌಡಿನ ವಾಸನೆಯೊಂದಿಗೆ ಬೆರೆತು ಊರೆಲ್ಲ ಹರಡುತ್ತಿತ್ತು. ನಾನು, ಗಿರಿಜಾ ಓಟಿನ ಆಟ ಆಡುತ್ತಿದ್ದೆವು. ಎಕ್ಕೆಯ ಎಲೆಯೇ ಚೀಟಿ, ಇದ್ದಿಲೇ ಮುದ್ರೆ.

ಗಿರಿಜಾ ಮೇಲಿನ ಓಣಿಯವಳು, ನಾನು ಕೆಳಗಿನ ಓಣಿಯವಳು. ಅವಳ ಅಪ್ಪ ಶರಣಪ್ಪ ಕಾಕಾ ಮತ್ತು ನನ್ನ ಅಪ್ಪ ಅಕ್ಕಿ ಗಿರಣಿಯಲ್ಲಿ ಜೋಡಿ ಹಮಾಲರು. ಕಾಕಾ ಚೀಲ ಎತ್ತಿ ಕೊಟ್ಟರೆ ಅಪ್ಪ ಬೆನ್ನ ಮೇಲೆ ಹೊರುತ್ತಿದ್ದ. ಮಧ್ಯಾಹ್ನ ಇಬ್ಬರೂ ಒಂದೇ ಬುತ್ತಿ ಬಿಚ್ಚುತ್ತಿದ್ದರು. ಕಾಲುವೆಯಲ್ಲಿ ನನಗೆ ಈಜು ಕಲಿಸಿದ್ದೂ ಕಾಕಾನೇ.

ನಮ್ಮ ವಾರ್ಡಿಗೆ ಮೂರು ಸೀಟು. ಒಬ್ಬೊಬ್ಬರಿಗೆ ಮೂರು ಓಟು. ವಾರ್ಡಿನ ಜನರಲ್ಲಿ ಮೂರರಲ್ಲೊಂದು ಪಾಲು ನಾವೇ ಇದ್ದರೂ ಪ್ರತಿ ಸಲ ಮೂರೂ ಸೀಟು ಮೇಲಿನ ಓಣಿಗೇ ಹೋಗುತ್ತಿದ್ದವು. ನಳದ ಪೈಪು ಎರಡು ಓಣಿಗಳ ನಡುವಿನ ಹನುಮಪ್ಪನ ಗುಡಿಯವರೆಗೆ ಬಂದು ನಿಂತಿತ್ತು. ನಮ್ಮ ಹೆಂಗಸರು ಕಾಲುವೆಯಿಂದ ನೀರು ಹೊರುತ್ತಿದ್ದರು.

ಆ ವರ್ಷ ಮೇಲಿನ ಓಣಿಯಲ್ಲಿ ಗೌಡರ ಮನೆ ಒಡೆದು ಎರಡು ಪಾರ್ಟಿಯಾಯಿತು. ಎರಡೂ ಕಡೆಯಿಂದ ಮೂವರು ಮೂವರು ನಿಂತರು. ದೊಡ್ಡಗೌಡರು ತಮ್ಮ ಮೂವರಲ್ಲಿ ಶರಣಪ್ಪ ಕಾಕಾನನ್ನೂ ನಿಲ್ಲಿಸಿದರು. ಇದೇ ಸಮಯವೆಂದು ನಮ್ಮ ಓಣಿಯವರು ಅಪ್ಪನ ಕೈಯಲ್ಲಿ ಅರ್ಜಿ ಹಾಕಿಸಿದರು. ಉಳಿದೆರಡು ಓಟು ಯಾರಿಗೆ ಎಂದು ನಮ್ಮ ಅಂಗಳದಲ್ಲಿ ಜಗಳವೇ ಆಯಿತು. ಅಪ್ಪನ ತಾಯಿ, ನಮ್ಮ ಆಯಿ, ಜೋಳ ಹಸನು ಮಾಡುತ್ತ ಕೂತಿದ್ದವಳು ಮೊರ ಕೆಳಗಿಟ್ಟಳು.

"ಮೂರು ಗದ್ದಿಗಿ ನೀರು ಹಂಚಿದ್ರ ಒಂದೂ ತೋಯಂಗಿಲ್ಲ. ಎಲ್ಲಾರೂ ಒಂದ ಗದ್ದಿಗಿ ಬಿಡ್ರಿ. ಉಳಿದಿದ್ದು ಖಾಲಿ ಇರ್ಲಿ."

ಅಪ್ಪನಿಗೊಂದೇ ಮುದ್ರೆ ಒತ್ತಿ ಉಳಿದೆರಡು ಓಟು ಖಾಲಿ ಬಿಡುವುದೆಂದು ಎಲ್ಲರೂ ಗುಡಿಯ ಮುಂದೆ ಆಣೆ ಮಾಡಿದರು.

ಸುದ್ದಿ ಮೇಲಕ್ಕೆ ಹೋಗಲು ಹೊತ್ತು ಬೇಕಾಗಲಿಲ್ಲ. ಮರುದಿನವೇ ಅವ್ವ ನೀರು ತರುವಾಗ ಇಬ್ಬರು ಹುಡುಗರು ಅಡ್ಡ ನಿಂತು ಅವಳ ತಲೆಯ ಮೇಲಿನ ಕೊಡಕ್ಕೆ ಬಡಿಗೆಯಿಂದ ಹೊಡೆದರು. ನೀರು, ರಕ್ತ ಎರಡೂ ಸೀರೆಯ ಮೇಲೆ ಇಳಿದಿದ್ದವು. ಆ ಸಂಜೆ ಶರಣಪ್ಪ ಕಾಕಾ ಮನೆಗೆ ಬಂದ. ಅವ್ವನ ಹಣೆಯ ಪಟ್ಟಿ ನೋಡಿ ಅಪ್ಪನ ಪಕ್ಕ ಕೂತ. ಆಮೇಲೆ, ನಿನಗಂತೂ ಒಂದು ಓಟು ಹಾಕುತ್ತೇನೆ, ನೀನೂ ನನಗೊಂದು ಹಾಕು ಎಂದು ಅಪ್ಪನನ್ನು ಕೇಳಿದ. ಅಪ್ಪ ತಲೆ ತಗ್ಗಿಸಿ, "ಆಣಿ ಮಾಡೀನಿ, ಶರಣಾ" ಎಂದ. ಅವ್ವ ತಂದಿಟ್ಟ ಚಹಾ ಕುಡಿಯದೆ ಕಾಕಾ ಎದ್ದು ಹೋದ.

ಎಣಿಕೆ ಗಂಗಾವತಿಯಲ್ಲಿ ನಡೆಯಿತು. ಮೇಲಿನ ಓಣಿಯ ಓಟು ಎರಡಾಗಿ ಹರಿದುಹೋಗಿ ಅಪ್ಪ ಗೆದ್ದ. ಸ್ವಲ್ಪದರಲ್ಲೇ ಶರಣಪ್ಪ ಕಾಕಾ ಸೋತ. ಮಧ್ಯಾಹ್ನ ಅಪ್ಪ ಟ್ರ್ಯಾಕ್ಟರಿನಲ್ಲಿ ಬಂದ. ಮೈಯೆಲ್ಲ ಗುಲಾಲು. ಆಯಿ, ನಾನು ಆರತಿ ಹಿಡಿದು ಊರ ಬಾಗಿಲಿಗೇ ಹೋಗಿದ್ದೆವು. ನಮ್ಮ ಓಣಿಗೆ ಇಳಿಯಲು ಮೇಲಿನ ಓಣಿ ದಾಟಲೇಬೇಕು.

ಮೊದಲ ಕಲ್ಲು ಹಲಿಗೆ ಬಾರಿಸುತ್ತಿದ್ದವನಿಗೆ ಬಿತ್ತು. ಹಲಿಗೆಯ ಸದ್ದು ನಿಂತಿತು. ಆಮೇಲೆ ಮಾಳಿಗೆಗಳ ಮೇಲಿಂದ ಕಲ್ಲಿನ ಮಳೆ. ಆಯಿ ನನ್ನನ್ನು ಟ್ರ್ಯಾಕ್ಟರಿನ ಗಾಲಿಯ ಹಿಂದೆ ತಳ್ಳಿ ಮೇಲೆ ಬಾಗಿ ನಿಂತಳು. ಕಲ್ಲೊಂದು ಅವಳ ಕಣ್ಣಿಗೆ ಬಡಿಯಿತು. ಅವಳು ಕೂಗಲಿಲ್ಲ. ನನ್ನ ಕುತ್ತಿಗೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ಗುಲಾಲು ಎಂದುಕೊಂಡು ಒರೆಸಿಕೊಂಡೆ.

ಬಡಿಗೆ ಹಿಡಿದವರು ಅಪ್ಪನನ್ನು ಕೆಳಗೆ ಎಳೆದರು. ಯಾರೋ ಹೊಟ್ಟೆಗೆ ಒದ್ದರು. ಗುಂಪು ಸೀಳಿಕೊಂಡು ಶರಣಪ್ಪ ಕಾಕಾ ಬಂದಾಗ ಅವನು ಬಿಡಿಸಲು ಬಂದನೆಂದೇ ತಿಳಿದು "ಕಾಕಾ" ಎಂದು ಕೂಗಿದೆ. ಅವನು ಕೂಗಿದತ್ತ ನೋಡಲಿಲ್ಲ. ಅವನ ಕೈಯಲ್ಲಿ ಗಾಡಿಯ ಗೂಟವಿತ್ತು.

"ಮೂರರಾಗ ಒಂದು ನಿನಗ ಹಾಕೀನಿ. ನೀ ಎರಡು ಖಾಲಿ ಬಿಟ್ಟಿ," ಎಂದ.

ಅಪ್ಪನ ಬಲಭುಜಕ್ಕೆ ಹೊಡೆದ. ಇನ್ನೊಮ್ಮೆ ಅಲ್ಲಿಗೇ ಹೊಡೆದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಗಿರಿಜಾಳನ್ನು ಅವಳ ಅವ್ವ ಒಳಗೆ ಎಳೆದುಕೊಂಡಳು.

ಅಷ್ಟಕ್ಕೆ ಮುಗಿಯಲಿಲ್ಲ. ನಮ್ಮ ಓಣಿಯ ಗಂಡಸರು ಕೊಡಲಿ, ಕುಡಗೋಲು ಹಿಡಿದು ಮೇಲೇರಿದರು. ಗೌಡರ ಆಳೊಬ್ಬನ ಬೆರಳುಗಳು ಹೋದವು. ಪೊಲೀಸರ ಜೀಪು ಬರುವಷ್ಟರಲ್ಲಿ ನಮ್ಮ ಹುಲ್ಲಿನ ಬಣವೆಗಳಿಗೆ ಬೆಂಕಿ ಬಿದ್ದಿತ್ತು. ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯ ಕೂಗು ಹೊಗೆಯೊಳಗಿಂದ ಬಹಳ ಹೊತ್ತು ಕೇಳುತ್ತಿತ್ತು. ಹಗ್ಗ ಕೊಯ್ಯಲು ಹೋದ ಅವ್ವನ ಎರಡೂ ಅಂಗೈ ಸುಟ್ಟವು.

ಆಯಿಯ ಆ ಕಣ್ಣು ಮತ್ತೆ ತೆರೆಯಲಿಲ್ಲ. ಅಪ್ಪ ಮತ್ತೆಂದೂ ಚೀಲ ಹೊರಲಿಲ್ಲ. ಎಡಗೈಯಲ್ಲಿ ಸಹಿ ಕಲಿತು ಅವಧಿಯುದ್ದಕ್ಕೂ ಪಂಚಾಯಿತಿಗೆ ಹೋದ, ನಳವನ್ನು ನಮ್ಮ ಓಣಿಯ ತುದಿಯವರೆಗೆ ತಂದ. ಕೋರ್ಟಿನ ಕೇಸು ರಾಜಿಯಲ್ಲಿ ಮುಗಿಯಿತು. ಕಾಕಾ ಗಿರಣಿ ಬಿಟ್ಟು ಸಿದ್ದಾಪುರದ ಕಡೆ ಕೆಲಸಕ್ಕೆ ಹೋದ. ಗಿರಿಜಾ ಶಾಲೆಯಲ್ಲಿ ಬೇರೆ ಸಾಲಿಗೆ ಸರಿದು ಕೂತಳು. ಮುಂದೆ ಅವಳ ಮದುವೆಯ ಊಟಕ್ಕೂ ನಮ್ಮ ಓಣಿಗೆ ಕರೆ ಬರಲಿಲ್ಲ.

ಈಗ ಚುನಾವಣೆ ಬಂದರೆ ಎರಡೂ ಓಣಿಯ ಹಿರಿಯರು ಮೊದಲೇ ಕೂತು ಜನಕ್ಕೆ ತಕ್ಕಂತೆ ಪಾಲು ಮಾಡುತ್ತಾರೆ: ಮೇಲೆ ಎರಡು, ಕೆಳಗೆ ಒಂದು. ಎಲ್ಲರೂ ಅವಿರೋಧ. ಕಲ್ಲಿಲ್ಲ, ಮಿರ್ಚಿಯೂ ಇಲ್ಲ. ನಮ್ಮ ಪಾಲು ತಪ್ಪದೆ ಬರುತ್ತದೆ. ಆದರೆ ಆ ಓಣಿಯ ಯಾವ ಮನೆಯಲ್ಲಿ ಯಾರಿದ್ದಾರೆಂದು ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ತವರಿಗೆ ಹೋದಾಗ ಮಗಳ ಕೈ ಹಿಡಿದು ಆ ದಾರಿಯಲ್ಲೇ ಇಳಿಯುತ್ತಿದ್ದೆ. ಗಿರಿಜಾ ಬೆಳೆದ ಮನೆಯ ಕಟ್ಟೆಯ ಮೇಲೆ ಕೂತ ಮುದುಕನೊಬ್ಬ ನಮ್ಮನ್ನು ನೋಡಿ ಎದ್ದು ನಿಂತ. ಏನೋ ಹೇಳುವವನಂತೆ ಬಾಯಿ ತೆರೆದ. ನಾನು ನಡಿಗೆ ಬಿರುಸು ಮಾಡಿದೆ.

"ಯಾರವ್ವಾ ಅವ್ರು?" ಎಂದಳು ಮಗಳು.

"ಮ್ಯಾಲಿನ ಓಣ್ಯಾವ್ರು," ಎಂದೆ.