ವೆಂಕಟರಾಮನ ಬಂದೂಕಿನ ಟೆಂಡರು

ಟೂಂಗಾಬಿಯ ವೆಂಕಟರಾಮ ಜೀವನದಲ್ಲಿ ಯಾವ ವಸ್ತುವನ್ನೂ ಸುಮ್ಮನೆ ಕೊಂಡವನಲ್ಲ. ವೆಸ್ಟ್‌ಮೀಡಿನ ಆಸ್ಪತ್ರೆಯೊಂದರಲ್ಲಿ ಯಂತ್ರಗಳನ್ನು ಪರೀಕ್ಷಿಸಿ, ಅಂಕ ಹಾಕಿ, ಯಾವುದನ್ನು ಕೊಳ್ಳಬೇಕೆಂದು ಹೇಳುವುದು ಅವನ ಉದ್ಯೋಗ. ಆ ಉದ್ಯೋಗ ಸಂಜೆ ಐದಕ್ಕೆ ಮುಗಿಯದೆ ಅವನ ಜೊತೆ ಮನೆಗೂ ಬರುತ್ತಿತ್ತು. ಫ್ರಿಜ್ ಕೊಳ್ಳಲು ಐದು ತಿಂಗಳು ಹಿಡಿಯಿತು. ಅಷ್ಟೂ ದಿನ ಹಾಲು ಐಸ್ ಪೆಟ್ಟಿಗೆಯಲ್ಲಿ ವನವಾಸ ಮಾಡಿತು. ಮನೆ ಕೊಳ್ಳುವಾಗ ಒಂಬತ್ತು ಸಬರ್ಬುಗಳಿಗೆ ಅಂಕ ಬಿದ್ದು, ಟೂಂಗಾಬಿ ಮೂರು ಅಂಕದಿಂದ ಗೆದ್ದಿತ್ತು. ಹೆಂಡತಿ ಅರುಂಧತಿಯನ್ನು ಮಾತ್ರ ಮೈಸೂರಿನಲ್ಲಿ ಹತ್ತೇ ನಿಮಿಷ ನೋಡಿ ಒಪ್ಪಿಕೊಂಡಿದ್ದ. ಆಗಿನ್ನೂ ಈ ಪದ್ಧತಿ ಜಾರಿಗೆ ಬಂದಿರಲಿಲ್ಲ ಎಂಬುದು ಅವನ ಸಮಜಾಯಿಷಿ.

1993ರ ಆಗಸ್ಟಿನ ಒಂದು ಬುಧವಾರ ಮಧ್ಯಾಹ್ನ, ಅರುಂಧತಿ ಅಂಗಡಿಗೆ ಹೋಗಿದ್ದಾಗ ಮನೆಗೆ ಕಳ್ಳ ಬಂದ. ವಿಸಿಆರ್ ಹೋಯಿತು, ಕ್ಯಾಮೆರಾ ಹೋಯಿತು. ಅದಕ್ಕೆ ಅವಳು ಹೆದರಲಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿದ್ದ ಕೋಡುಬಳೆಯಲ್ಲಿ ಅರ್ಧ ಖಾಲಿಯಾಗಿತ್ತು. ತಿಂದವನು ಆಮೇಲೆ ಮುಚ್ಚಳವನ್ನು ಗಟ್ಟಿಯಾಗಿ ಹಾಕಿ, ಡಬ್ಬಿಯನ್ನು ಅದರ ಜಾಗದಲ್ಲೇ ಇಟ್ಟು ಹೋಗಿದ್ದ. ಆ ಮುಚ್ಚಳ ಅವಳ ಧೈರ್ಯ ಕೆಡಿಸಿತು.

"ಅವಸರದಲ್ಲಿದ್ದವನು ಮುಚ್ಚಳ ಹಾಕ್ತಾನೇನ್ರೀ? ನನ್ನ ಅಡುಗೆಮನೆಯಲ್ಲಿ ಆರಾಮಾಗಿ ನಿಂತಿದ್ದಾನೆ ಅವನು," ಎಂದಳು.

ವೆಂಕಟರಾಮನಿಗೆ ವಾರಕ್ಕೆ ಎರಡು ರಾತ್ರಿ ಆಸ್ಪತ್ರೆಯ ಕರೆ ಬರುತ್ತಿತ್ತು. ಮಗಳು ಮಹತಿ ಕ್ಯಾನ್‌ಬೆರಾದ ಹಾಸ್ಟೆಲಿನಲ್ಲಿದ್ದಳು. ಒಬ್ಬಳೇ ಆ ಮನೆಯಲ್ಲಿ ಇರಲಾರೆನೆಂದು ಅರುಂಧತಿ ದೊಡ್ಡ ಸೂಟ್‌ಕೇಸ್ ತುಂಬಿಕೊಂಡು ಮೆಲ್ಬರ್ನಿನ ತಂಗಿ ವಸಂತಾಳ ಮನೆಗೆ ಹೊರಟುಬಿಟ್ಟಳು. ಜಗಳವಿರಲಿಲ್ಲ. ಮನೆ ಭದ್ರ ಅಂತ ತನಗೆ ಅನ್ನಿಸಿದ ದಿನ ಬರುತ್ತೇನೆ, ಇಲ್ಲದಿದ್ದರೆ ನೀವೇ ಮೆಲ್ಬರ್ನಿನಲ್ಲಿ ಕೆಲಸ ನೋಡಿಕೊಳ್ಳಿ ಎಂದಷ್ಟೇ ಹೇಳಿದಳು.

ಹೆಂಡತಿಯನ್ನು ಮರಳಿ ತರಲು ವೆಂಕಟರಾಮ ಶಸ್ತ್ರ ಹಿಡಿಯಲು ನಿರ್ಧರಿಸಿದ. ಇರುವೆ ಸಾಲು ಬಂದರೆ ದಾಟಿಕೊಂಡು ಹೋಗುವ ಮನುಷ್ಯ ಅವನು. ಆದರೆ ಆ ವರ್ಷವೇ ಆಸ್ಪತ್ರೆಯ ವರ್ಕ್‌ಶಾಪಿನ ಕೆವಿನ್ ಎಂಬ ಗೆಳೆಯ ಅವನನ್ನು ಭಾನುವಾರಗಳಲ್ಲಿ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ಯಲು ಶುರುಮಾಡಿದ್ದ. ಗಾಳಿಯಲ್ಲಿ ಹಾರಿಬಿಡುವ ಮಣ್ಣಿನ ಬಿಲ್ಲೆಗಳನ್ನು ಬಂದೂಕಿನಿಂದ ಹೊಡೆಯುವ ಆಟ. ಬಿಲ್ಲೆಗೆ ಜೀವವಿಲ್ಲ, ಆದ್ದರಿಂದ ಪಾಪವೂ ಇಲ್ಲ. ಲೈಸೆನ್ಸೂ ಆಗಿತ್ತು, ಎರವಲು ಬಂದೂಕಿನಲ್ಲಿ ಅಭ್ಯಾಸವೂ ನಡೆದಿತ್ತು. ಈಗ ಸ್ವಂತದ್ದೊಂದು ಬೇಕು. ಭಾನುವಾರ ಸ್ಪರ್ಧೆಗೆ ಹೋಗಬೇಕು, ಉಳಿದ ಆರು ದಿನ ಮನೆ ಕಾಯಬೇಕು. ಕಾವಲಿಗೆಂದರೆ ಬಂದೂಕಿಗೆ ಅನುಮತಿ ಸಿಗದು, ಹಾಗಾಗಿ ಆ ಮಾತನ್ನು ಯಾವ ಅರ್ಜಿಯಲ್ಲೂ ಬರೆಯುವಂತಿರಲಿಲ್ಲ. ತನ್ನ ಅಂಕಪಟ್ಟಿಯಲ್ಲಿ ಮಾತ್ರ ಬರೆದುಕೊಂಡ.

ಟ್ರಿಗರ್ ಎಳೆದಷ್ಟು ಸಲ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ನೇ ಆಗಬೇಕೆಂದು ಪಟ್ಟಿಯ ಮೊದಲ ಸಾಲು ಹೇಳಿತು. ಮೂರು ವರ್ಷದ ನಂತರ ಕಾನೂನು ಬದಲಾಗಿ ಅಂಥವು ಜನಸಾಮಾನ್ಯರ ಕೈತಪ್ಪಿದವು. ಆಗಿನ್ನೂ ಲೈಸೆನ್ಸ್ ಇದ್ದವರಿಗೆ ಅಂಗಡಿಯಲ್ಲೇ ಸಿಗುತ್ತಿದ್ದವು. ಐದು ಬಂದೂಕುಗಳು ಕಣಕ್ಕಿಳಿದವು: ಇಟಲಿಯದು, ಬೆಲ್ಜಿಯಮ್ಮಿನದು, ಜಪಾನಿನದು, ಅಮೆರಿಕದ್ದು, ರಷ್ಯಾದ್ದು. ಮೊದಲ ನಾಲ್ಕರಲ್ಲಿ ನಳಿಗೆಯ ಕೆಳಗಿನ ಕೊಳವೆಯೊಳಗೆ ತೋಟಾಗಳನ್ನು ಒಂದೊಂದಾಗಿ ತುರುಕಬೇಕು. ರಷ್ಯಾದ್ದಕ್ಕೆ ಮ್ಯಾಗಜಿನ್ ಎಂಬ ಡಬ್ಬಿಯಿದೆ. ಮೊದಲೇ ತುಂಬಿಟ್ಟುಕೊಂಡು ಅಡಿಯಿಂದ ಸಿಕ್ಕಿಸಿದರೆ ಮುಗಿಯಿತು. ವೆಂಕಟರಾಮನ ಮನಸ್ಸು ಡಬ್ಬಿಯ ಕಡೆ ವಾಲಿತು. ಆದರೆ ಮನಸ್ಸಿಗೆ ಪಟ್ಟಿಯಲ್ಲಿ ಅಂಕವಿರಲಿಲ್ಲ.

ಪೇಚು ಅಲ್ಲೇ ಇತ್ತು. ಸ್ಪರ್ಧೆಗೆ ಉದ್ದ ನಳಿಗೆ ಬೇಕು, ಮನೆಯೊಳಗಿನ ಓಣಿಯಲ್ಲಿ ತಿರುಗಿಸಲು ಗಿಡ್ಡ ನಳಿಗೆ ಬೇಕು. ಹಾರುವ ಬಿಲ್ಲೆಯ ಹಿಂದೆ ಸರಾಗವಾಗಿ ತಿರುಗಲು ಭಾರ ಬೇಕು, ಹಾಸಿಗೆಯಿಂದೆದ್ದು ಹಿಡಿಯಲು ಹಗುರ ಬೇಕು. ಸ್ಪರ್ಧೆಯಲ್ಲಿ ಒಂದು ಸರದಿಗೆ ಎರಡು ತೋಟಾಕ್ಕಿಂತ ಹೆಚ್ಚು ತುಂಬುವ ಹಾಗೇ ಇಲ್ಲ, ಎಂಟು ಹಿಡಿಯುವ ಡಬ್ಬಿ ಅಲ್ಲಿ ಖಾಲಿ ಬಸ್ಸಿದ್ದಂತೆ. ಒಂದು ಕಾಲಮ್ಮಿನಲ್ಲಿ ಗೆದ್ದ ಬಂದೂಕು ಪಕ್ಕದ ಕಾಲಮ್ಮಿನಲ್ಲಿ ಮಣ್ಣು ಮುಕ್ಕುತ್ತಿತ್ತು. ಎರಡು ತಿಂಗಳಲ್ಲಿ ಪಟ್ಟಿ ಏಳು ಸಲ ಪರಿಷ್ಕರಣೆಯಾಯಿತು, ಏಳು ಸಲವೂ ಮೆಲ್ಬರ್ನಿಗೆ ಫ್ಯಾಕ್ಸ್ ಹೋಯಿತು. ವಸಂತಾಳ ಮನೆಯಲ್ಲಿ ಫ್ಯಾಕ್ಸ್ ಇರಲಿಲ್ಲವಾದ್ದರಿಂದ ಅವಳ ಗಂಡ ಚಕ್ರಪಾಣಿಯ ಆಫೀಸಿಗೆ.

ಚಕ್ರಪಾಣಿ ಫೋನ್ ಮಾಡಿದ. "ಭಾವ, ನಾನಿಲ್ಲಿ ಪಾಠಪುಸ್ತಕ ಅಚ್ಚು ಹಾಕಿಸೋ ಆಫೀಸಿನಲ್ಲಿದ್ದೀನಿ. ನಿಮ್ಮ ಫ್ಯಾಕ್ಸ್ ಬಂದಾಗಿನಿಂದ ನಾನು ರಜೆ ಕೇಳಿದರೆ ಯಾರೂ ಇಲ್ಲ ಅನ್ನುತ್ತಿಲ್ಲ."

ಎಂಟನೆಯ ಸಲ ಫ್ಯಾಕ್ಸ್ ಆ ಕಡೆಯಿಂದ ಬಂತು. ಅರುಂಧತಿ ಪಟ್ಟಿಯ ಕೆಳಗೆ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಸೇರಿಸಿದ್ದಳು: "ಕಳ್ಳ ಬಂದಾಗ ನೀವು ಆಸ್ಪತ್ರೆಯಲ್ಲಿರುತ್ತೀರಿ. ಬಂದೂಕು ಹಿಡಿಯುವವಳು ನಾನು. ನನಗೆಷ್ಟು ಅಂಕ?"

ವೆಂಕಟರಾಮ ಆ ಸಾಲನ್ನು ಎರಡು ದಿನ ದಿಟ್ಟಿಸಿದ. ಐದೂ ಬಂದೂಕುಗಳನ್ನು ಅವನು ತನ್ನ ಭುಜಕ್ಕೆ ಅಳೆದಿದ್ದ. ಕಾವಲಿಗಿರುವ ಭುಜ ಮೆಲ್ಬರ್ನಿನಲ್ಲಿತ್ತು.

ಪ್ರಯೋಗವಿಲ್ಲದೆ ಟೆಂಡರು ಮುಂದೆ ಹೋಗುವಂತಿರಲಿಲ್ಲ. ಒಂದು ವಾರಾಂತ್ಯದ ಮಟ್ಟಿಗೆ ಬಂದು ಹೋಗೆಂದು ಅವಳನ್ನು ಬೇಡಿಕೊಂಡ. ನವೆಂಬರಿನ ಒಂದು ಶನಿವಾರ ಬೆಳಗಿನ ವಿಮಾನದಲ್ಲಿ ಅರುಂಧತಿ ಬಂದಳು, ಚಿಕ್ಕ ಬ್ಯಾಗಿನೊಂದಿಗೆ. ದೊಡ್ಡ ಸೂಟ್‌ಕೇಸ್ ಬಂದಿಲ್ಲವೆಂಬುದನ್ನು ವೆಂಕಟರಾಮ ಏರ್‌ಪೋರ್ಟಿನಲ್ಲೇ ಗಮನಿಸಿದ. ಅವನ ಮುಖ ಇಳಿದದ್ದನ್ನು ಅವಳೂ ಗಮನಿಸಿದಳು.

ಬಂದೂಕನ್ನು ಇನ್ನೂ ಆರಿಸಿರಲಿಲ್ಲ, ಆದರೆ ಅದರ ಅರಮನೆ ಸಿದ್ಧವಾಗಿತ್ತು. ಬಂದೂಕಿಗೆ ಗರಾಜಿನಲ್ಲಿ ಗೋಡೆಗೆ ಬಿಗಿದ ಉಕ್ಕಿನ ಬೀರು, ತೋಟಾಕ್ಕೆ ಬಟ್ಟೆ ಒಗೆಯುವ ಕೋಣೆಯಲ್ಲಿ ಬೇರೊಂದು ಪೆಟ್ಟಿಗೆ, ಎರಡಕ್ಕೂ ಬೇರೆ ಬೇರೆ ಬೀಗ. ನಿಯಮವೆಂದರೆ ವೆಂಕಟರಾಮನಿಗೆ ನಿಯಮ. ಬಂದೂಕಿನ ಬದಲು ಬೀರುವಿನಲ್ಲಿ ನೆಲ ಒರೆಸುವ ಮಾಪ್ ನಿಂತಿತು. ತೋಟಾದ ಬದಲು ಪೆಟ್ಟಿಗೆಯಲ್ಲಿ ಟಾರ್ಚಿನ ಎರಡು ಸೆಲ್. ಕಳ್ಳ ಬಂದನೆಂದು ಕೂಗಿದ ಗಳಿಗೆಯಿಂದ, ಸೆಲ್ ಸಮೇತ ಮಾಪ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುವವರೆಗೆ ಎಷ್ಟು ಹೊತ್ತು? ಅದನ್ನು ಅಳೆಯಬೇಕು.

ಕಳ್ಳನ ಪಾತ್ರ ವೆಂಕಟರಾಮನದು. ನೈಜತೆ ಬೇಕೆಂದು ಬೆಂಗಳೂರಿನಿಂದ ತಂದಿದ್ದ ಕಂದು ಮಂಕಿ ಕ್ಯಾಪನ್ನು ಕಣ್ಣಷ್ಟೇ ಕಾಣುವಂತೆ ಎಳೆದುಕೊಂಡ. ಎಡಗೈಯಲ್ಲಿ ಆಸ್ಪತ್ರೆಯ ಸ್ಟಾಪ್‌ವಾಚ್, ಬಲಗೈಯಲ್ಲಿ ಅರುಂಧತಿ ಮೆಲ್ಬರ್ನಿನಿಂದ ತಂದ ಕೋಡುಬಳೆ.

"ಕಳ್ಳ, ಕಳ್ಳ," ಎಂದಳು ಅರುಂಧತಿ, ಹಾಲಿನವನನ್ನು ಕರೆದಂತೆ.

"ಜೋರಾಗಿ ಕೂಗೇ. ಟೆಸ್ಟ್ ಅಂದಮೇಲೆ ಟೆಸ್ಟ್."

ಅವಳು ತಿರುಗಿ ನೋಡಿದಳು. ತನ್ನ ಅಡುಗೆಮನೆಯಲ್ಲಿ ಮುಖ ಮುಚ್ಚಿಕೊಂಡವನೊಬ್ಬ ಆರಾಮಾಗಿ ನಿಂತು ಕೋಡುಬಳೆ ತಿನ್ನುತ್ತಿದ್ದ. ಮೂರು ತಿಂಗಳು ಮೆಲ್ಬರ್ನಿನಲ್ಲಿ ಅದುಮಿಟ್ಟಿದ್ದ ಭಯವೆಲ್ಲ ಒಟ್ಟಿಗೆ ಹೊರಬಂತು. ಆ ಕೂಗಿಗೆ ಎದುರುಮನೆಯ ಅಂಗಳದ ಕಾಕಟೂ ಹಕ್ಕಿಗಳು ಎದ್ದು ಹಾರಿದವಂತೆ. ಕೂಗಿದವಳೇ ಗರಾಜಿನ ಕಡೆ ಓಡಿದಳು. ವೆಂಕಟರಾಮ ಸಂತೃಪ್ತಿಯಿಂದ ವಾಚ್ ಒತ್ತಿದ.

ಅವನು ಎರಡನೆಯ ಕೋಡುಬಳೆ ಮುರಿಯುವಷ್ಟರಲ್ಲಿ ಹಿಂಬಾಗಿಲು ದಢಾರನೆ ತೆರೆಯಿತು. ಪಕ್ಕದ ಮನೆಯ ಮಿಸೆಸ್ ಕರೂವಾನಾ. ಮಾಲ್ಟಾ ದೇಶದಿಂದ ಬಂದು ಟೂಂಗಾಬಿಯಲ್ಲಿ ನೆಲೆಸಿದ ವಿಧವೆ, ಎಪ್ಪತ್ತೊಂದು ವರ್ಷ, ನಾಲ್ಕಡಿ ಹತ್ತಂಗುಲ. ನಾಲ್ಕು ವರ್ಷದ ನೆರೆಹೊರೆಯಲ್ಲಿ ಬೇಲಿಯಾಚೆಯ ಒಂದು ಹಲೋ ಬಿಟ್ಟರೆ ಮಾತಿಲ್ಲ. ಕೈಯಲ್ಲಿ ಟೊಮೆಟೊ ಪಾತಿಯ ಹಸಿ ಮಣ್ಣು ಮೆತ್ತಿದ ಗುದ್ದಲಿ. ಆಕೆ ಗುದ್ದಲಿಯ ಮರದ ಕಾವಿನಿಂದ ಕಳ್ಳನ ಮೊಣಕಾಲಿಗೆ ಒಂದು ಕೊಟ್ಟು, ಅವನು ಕುಸಿದಮೇಲೆ ಎದೆಗೆ ಕಾವು ಒತ್ತಿ ನಿಂತಳು.

ನೆಲದ ಮೇಲೆ ಅಂಗಾತ ಬಿದ್ದ ವೆಂಕಟರಾಮ, ಉದ್ಯೋಗದ ಅಭ್ಯಾಸ ನೋಡಿ, ಮೊದಲು ವಾಚ್ ನೋಡಿದ. ನಲವತ್ತೆರಡು ಸೆಕೆಂಡು.

ಬಾಯ್ತುಂಬ ಕೋಡುಬಳೆ, ಮೂಗಿನ ಮೇಲೆ ಉಣ್ಣೆ. ಅವನು ವಿವರಿಸಿದ್ದೊಂದೂ ಅರ್ಥವಾಗದೆ ಮಿಸೆಸ್ ಕರೂವಾನಾ ಕಾವನ್ನು ಇನ್ನಷ್ಟು ಒತ್ತಿದಳು. ಅತ್ತ ಅರುಂಧತಿ ಮೊದಲ ಕೀಲಿಯನ್ನು ಎರಡನೆಯ ಬೀಗಕ್ಕೆ ಹಾಕಿ, ಎರಡನೆಯ ಕೀಲಿಯನ್ನು ವಾಷಿಂಗ್ ಮಷೀನಿನ ಹಿಂದೆ ಬೀಳಿಸಿ, ಹ್ಯಾಂಗರಿನಿಂದ ಕೆದಕಿ ತೆಗೆದು, ಕಡೆಗೂ ಒಂದು ಕೈಯಲ್ಲಿ ಮಾಪ್, ಇನ್ನೊಂದರಲ್ಲಿ ಸೆಲ್ ಹಿಡಿದು ಬಾಗಿಲಿಗೆ ಬಂದಾಗ ನಾಲ್ಕು ನಿಮಿಷ ನಲವತ್ತು ಸೆಕೆಂಡು ಆಗಿತ್ತು.

"ಅವರು ನನ್ನ ಗಂಡ," ಎಂದಳು.

"ಗೊತ್ತಾಯಿತು ಬಿಡು," ಎಂದಳು ಮಿಸೆಸ್ ಕರೂವಾನಾ, ಕಾವು ತೆಗೆಯದೆ. "ಹೊಡೆಯುತ್ತಾನಾ ನಿನಗೆ?"

ಅರುಂಧತಿ ಅಲ್ಲೇ ಮಾಪ್ ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಗಸ್ಟಿನಿಂದೀಚೆಗೆ ಅವಳು ನಕ್ಕಿರಲಿಲ್ಲವೆಂದು ವಸಂತಾ ಆಮೇಲೆ ಹೇಳಿದಳು.

ಟೀ ಕುಡಿಯುತ್ತ ಮುದುಕಿ ತನ್ನ ತಪ್ಪನ್ನು ಒಪ್ಪಿಕೊಂಡಳು. ದಿನವಿಡೀ ಕಿಟಕಿಯ ಬಳಿಯೋ ಪಾತಿಯಲ್ಲೋ ಇರುವವಳು, ಆ ಬುಧವಾರ ಮಾತ್ರ ಬಿಂಗೋ ಆಡಲು ಹೋಗಿದ್ದಳು. ಆಮೇಲೆ ಪಕ್ಕದ ಮನೆಯ ಹೆಂಗಸು ದೊಡ್ಡ ಸೂಟ್‌ಕೇಸ್ ಹಿಡಿದು ಹೊರಟದ್ದನ್ನು ಕಿಟಕಿಯಿಂದ ನೋಡಿದ್ದಳು. "ಅವತ್ತು ನಾನು ಮನೆಯಲ್ಲಿದ್ದಿದ್ದರೆ ನೀನು ಹೋಗುತ್ತಿರಲಿಲ್ಲ," ಎಂದಳು. "ಅಂದಿನಿಂದ ಬಿಂಗೋ ಬಿಟ್ಟಿದ್ದೇನೆ. ನಿನ್ನ ಗಂಡ ರಾತ್ರಿ ಕಾರು ತೆಗೆದರೆ ನಾನು ವರಾಂಡದ ದೀಪ ಹಾಕುತ್ತೇನೆ. ನೋಡಿಲ್ಲವಾ?"

ವೆಂಕಟರಾಮ ನೋಡಿದ್ದ. ಮುದುಕಿಗೆ ಕರೆಂಟ್ ಬಿಲ್ಲಿನ ಪರಿವೆಯಿಲ್ಲ ಎಂದುಕೊಂಡಿದ್ದ.

ಅರುಂಧತಿ ಹೆಚ್ಚು ಹೊತ್ತು ಯೋಚಿಸಲಿಲ್ಲ. ಎದ್ದು ಹೋಗಿ ಹಿಂಬಾಗಿಲಿನ ಇನ್ನೊಂದು ಕೀಲಿ ತಂದು ಮಿಸೆಸ್ ಕರೂವಾನಾಳ ತಟ್ಟೆಯಲ್ಲಿ, ಕೋಡುಬಳೆಯ ಪಕ್ಕ ಇಟ್ಟಳು.

"ಟೆಂಡರ್ ಇನ್ನೂ ಮುಗಿದಿಲ್ಲ ಕಣೇ," ಎಂದ ವೆಂಕಟರಾಮ, ಮೊಣಕಾಲಿಗೆ ಐಸ್ ಒತ್ತಿಕೊಳ್ಳುತ್ತ.

"ಮುಗೀತು ರೀ. ವಾಚ್ ನಿಮ್ಮ ಕೈಯಲ್ಲೇ ಇದೆಯಲ್ಲ."

ಕಾವಲಿನ ಕಾಲಮ್ ಹೊಡೆದುಹಾಕಿದ ಮೇಲೆ ಬಂದೂಕಿನ ಆಯ್ಕೆಗೆ ಒಂದೇ ವಾರ ಸಾಕಾಯಿತು. ಡಬ್ಬಿಯ ರಷ್ಯಾದ್ದು ಸೋತು, ಉದ್ದ ನಳಿಗೆಯ ಇಟಲಿಯದು ಮನೆಗೆ ಬಂತು. ಮೂರು ವರ್ಷ ಅದು ಆಯುಧಪೂಜೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ನಿಂತು ಕುಂಕುಮ ಇಟ್ಟುಕೊಂಡಿತು, ಭಾನುವಾರಗಳಲ್ಲಿ ಇಪ್ಪತ್ತೈದಕ್ಕೆ ಹದಿನಾಲ್ಕು ಬಿಲ್ಲೆ ಒಡೆಯಿತು, ಒಂದು ಸಲ ಹತ್ತೊಂಬತ್ತು. ಕಾನೂನು ಬಂದಾಗ ಅದನ್ನು ಒರೆಸಿ, ಎಣ್ಣೆ ಹಚ್ಚಿ, ಸಾಲಿನಲ್ಲಿ ನಿಂತು ಸರ್ಕಾರಕ್ಕೆ ಒಪ್ಪಿಸಿ ಬಂದ. ಬಿಟ್ಟುಬರುವುದು ಕಷ್ಟವಾಯಿತೇ ಎಂದು ಕೇಳಿದವರಿಗೆ, "ಮನೆ ಕಾಯೋದು ಅದಲ್ಲವಲ್ಲ," ಎನ್ನುತ್ತಿದ್ದ.

ಆ ಶನಿವಾರ ಸಂಜೆಯೇ ಅರುಂಧತಿ ಮೆಲ್ಬರ್ನಿಗೆ ಫೋನ್ ಮಾಡಿದ್ದಳು. "ವಸಂತಾ, ನನ್ನ ದೊಡ್ಡ ಸೂಟ್‌ಕೇಸ್ ಕಳಿಸಿಬಿಡೇ. ಹಾಗೇ ಕೋಡುಬಳೆ ಒತ್ತೋ ನನ್ನ ಒರಳು ನಿನ್ನ ಹತ್ತಿರವೇ ಇದೆ, ಅದನ್ನೂ ಅದರೊಳಗೇ ಹಾಕು. ಇಲ್ಲಿ ಇನ್ನು ಕೋಡುಬಳೆ ಜಾಸ್ತಿ ಬೇಕಾಗುತ್ತೆ."