ಐದು ಬೊಗಸೆ ಅಕ್ಕಿ

ಮರಾಠಿ ನಾಡಿನ ನಿಗಡಿಯ ಮಹಿಳಾ ಸಹಾಯ ಕೇಂದ್ರದ ಅಂಬಕ್ಕ ಅಲ್ಲಿನ ಯಾವ ಕನ್ನಡಿಗರ ಮನೆಗೂ ಫೈಲು ಹಿಡಿದು ಹೋಗುವವರಲ್ಲ. ಅಕ್ಕಿ, ತೆಂಗಿನಕಾಯಿ, ಕುಬಸದ ಬಟ್ಟೆ ಹಿಡಿದು ಹೋಗುವವರು. ಸಮಾಜ ಸೇವಕಿ ಎಂದರೆ ಮುಚ್ಚುವ ಬಾಗಿಲು, "ನಿಮ್ಮ ಸೊಸಿಗಿ ಉಡಿ ತುಂಬಾಕ ಬಂದೀನ್ರಿ" ಎಂದರೆ ತೆರೆಯುತ್ತದೆ ಎಂಬುದು ಅವರ ಹನ್ನೊಂದು ವರ್ಷಗಳ ಪ್ರಯೋಗದ ಫಲಿತಾಂಶ. ಎರಡನೆಯ ನಿಮಿಷಕ್ಕೆ ಅತ್ತೆಯ ಊರು ಕೇಳುತ್ತಾರೆ, ಮೂರನೆಯದಕ್ಕೆ ನೆಂಟಸ್ತಿಕೆ ಹುಡುಕುತ್ತಾರೆ. ಗೋಕಾಕದಿಂದ ಅಥಣಿಯವರೆಗೆ ಅವರಿಗೆ ಚಿಕ್ಕಮ್ಮನಿಲ್ಲದ ಊರೇ ಇಲ್ಲ. ಚಹಾಕ್ಕೆ ಸಕ್ಕರೆ ಕಮ್ಮಿಯಾಯಿತೆಂದು ಜಗಳವನ್ನೂ ಆಡುತ್ತಾರೆ. ಅತ್ತೆಯ ಮುಂದೆ ಸೊಸೆಯನ್ನು ಮಾತ್ರ ಏನೂ ಕೇಳುವುದಿಲ್ಲ. ಉಡಿ ತುಂಬಿಸಿಕೊಳ್ಳುವವಳು ಎರಡೂ ಕೈಯಿಂದ ಸೆರಗು ಹಿಡಿದು ಒಡ್ಡಬೇಕು. ಮುಚ್ಚಿಟ್ಟ ತೋಳು ಆಗ ಬೆಳಕಿಗೆ ಬರುತ್ತದೆ. ಹತ್ತಿರದ ವಾಕಡದ ಫ್ಲ್ಯಾಟಿನಲ್ಲಿ ಎಂಟು ತಿಂಗಳಿಂದ ಹೊಸ್ತಿಲು ದಾಟದ, ಮರಾಠಿಯೂ ಬಾರದ ರೇಣು ಮೊನ್ನೆ ಸೆರಗೊಡ್ಡಿದಾಗ ಮೊಣಕೈವರೆಗೂ ಸುಟ್ಟ ಗುರುತುಗಳು. "ಒಲಿ ತಾಗೇದರಿ," ಎಂದಳು ಅತ್ತೆ. "ನಿಮ್ಮ ಒಲಿ ಭಾಳ ಶಿಸ್ತಿಂದ್ರಿ, ಸಾಲು ಹಿಡದ ಸುಟ್ಟದ," ಎಂದರು ಅಂಬಕ್ಕ. ಒಂದೊಂದು ಬೊಗಸೆ ಅಕ್ಕಿ ಹಾಕುವಾಗಲೂ ಬಾಗಿ, ರೇಣುವಿಗಷ್ಟೇ ಕೇಳುವಂತೆ, "ಬರ್ತಿಯೇನವ್ವಾ?" ಎಂದರು. ಐದನೆಯ ಬೊಗಸೆಗೆ ಅವಳು ತಲೆಯಾಡಿಸಿದಳು. ಅಂಬಕ್ಕ ಅವಳ ಕೈ ಹಿಡಿದು ಎದ್ದರು. "ಎಲ್ಲಿಗಿ ಹೊಂಟ್ರಿ?" ಅತ್ತೆ ಅಡ್ಡ ಬಂದಳು. "ತವರಿಗ್ರಿ." "ಆಕಿಗಿ ತವರಾಗ ಯಾರದಾರ?" "ನಾ ಅದೀನಲ್ರಿ." ಬಾಗಿಲ ಬಳಿ ರೇಣುವಿನ ಚಪ್ಪಲಿಗಾಗಿ ಹುಡುಕಿದರು, ಆ ಮನೆಯಲ್ಲಿ ಅವಳ ಹೆಸರಿನ ಚಪ್ಪಲಿಯೇ ಇರಲಿಲ್ಲ. ಅಂಬಕ್ಕ ತಮ್ಮದನ್ನೇ ಅವಳಿಗೆ ತೊಡಿಸಿ, ಬರಿಗಾಲಲ್ಲಿ ಮೆಟ್ಟಿಲಿಳಿದರು.